75 ಎಚ್‌ಪಿ ಟ್ರ್ಯಾಕ್ಟರ್‌ಗೆ ಹಿಂಬದಿ ಬ್ಲೇಡ್ ಎಂಥದ್ದು ತಗೊಳ್ಳಲಿ?

ಮೂಡಿಗೆರೆ ಕಡೆ ತೋಟದ ಮಣ್ಣುರಸ್ತೆ ಸರಿ ಮಾಡೋಕೆ ಅಂದಿದ್ದೀರಿ, ಹಾಗಾದ್ರೆ ಮೊದಲು ಟೇಪ್ ಹಿಡಿದು ಹಿಂದಿನ ಟೈರ್‌ಗಳ ಹೊರ ಅಂಚಿನಿಂದ ಅಂಚಿಗೆ ಅಳೆಯಿರಿ. ಬ್ಲೇಡ್ ಓರೆ ಮಾಡಿದಾಗಲೂ ಅಷ್ಟು ಅಗಲ ಮುಚ್ಚಬೇಕು. 8 ಅಡಿಯದ್ದನ್ನು 30 ಡಿಗ್ರಿ ತಿರುಗಿಸಿದರೆ ಸಿಗುವುದು ಸುಮಾರು 7 ಅಡಿ, ಅಷ್ಟೇ.

ನನ್ನ ಕೇಳಿದರೆ ಅಗಲಕ್ಕಿಂತ ತೂಕ ನೋಡಿ. ಹಗುರ ಬ್ಲೇಡ್ ಬೇಸಿಗೆಯ ಗಟ್ಟಿ ನೆಲದ ಮೇಲೆ ಸುಮ್ನೆ ಜಾರಿಕೊಂಡು ಹೋಗುತ್ತದೆ, ಮಣ್ಣು ಕೆರೆಯುವುದೇ ಇಲ್ಲ. ಲಿಂಕೇಜ್, ಅಂದ್ರೆ ಬ್ಲೇಡನ್ನು ಟ್ರ್ಯಾಕ್ಟರ್ ಹಿಂದೆ ಸಿಕ್ಕಿಸುವ ಜೋಡಣೆ, ಕ್ಯಾಟಗರಿ 2 ಅಳತೆಯದ್ದಿರಲಿ. ಕೆಳಗಿನ ಪಿನ್ ಸುಮಾರು 28 ಮಿಲಿಮೀಟರ್ ದಪ್ಪ ಇರುತ್ತದೆ. 22ರದ್ದು ಸಣ್ಣ ಟ್ರ್ಯಾಕ್ಟರ್‌ಗೆ, ಬೇಡ. ಅಂಚಿನ ಪಟ್ಟಿ ಬೋಲ್ಟ್ ಹಾಕಿದ್ದಾದರೆ ಒಳ್ಳೆಯದು, ಸವೆದಾಗ ಬಿಚ್ಚಿ ತಿರುಗಿಸಿ ಹಾಕಬಹುದು. ಹಾಂ, ಬೇರು ಬಂಡೆ ಇರುವ ಕಡೆ ಮೆಲ್ಲಗೆ ಓಡಿಸಿ.