ಹಳೆ ಮೆಟಲ್ ಡೆಮೊ ಕ್ಯಾಸೆಟ್ ಮಾತ್ರ ಮಂಕಾಗಿ ಕೇಳಿಸುತ್ತಿದ್ದರೆ

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ ಚೆನ್ನಾಗಿ ಕೇಳಿಸಿ, ತೊಂಬತ್ತರ ದಶಕದ ಮೆಟಲ್ ಬ್ಯಾಂಡ್ ತಾನೇ ಮಾಡಿ ಹಂಚಿದ ಡೆಮೊ ಮಾತ್ರ ಕಂಬಳಿ ಹೊದ್ದ ಹಾಗೆ ಕೇಳಿಸುತ್ತಿದೆ ಅಂದರೆ, ಬಹುಶಃ ಟೇಪ್ ಹಾಳಾಗಿಲ್ಲ. ಕ್ಯಾಸೆಟ್ ಡೆಕ್‌ನಲ್ಲಿ ಟೇಪ್ ಓದುವ ಭಾಗವಾದ ಹೆಡ್‌ನ ಅಜಿಮತ್, ಅಂದರೆ ಅದು ಟೇಪಿಗೆ ತಾಗುವ ಕೋನ, ಹೊಂದುತ್ತಿಲ್ಲ. ಇಂಥ ಡೆಮೊಗಳು ಯಾರದೋ ಮನೆಯ ಡೆಕ್‌ನಲ್ಲಿ ಕಾಪಿ ಆದವು ಅಲ್ವಾ? ಆ ಡೆಕ್‌ನ ಕೋನ ನಿಮ್ಮದಕ್ಕಿಂತ ಬೇರೆ ಇದ್ದಿರಬಹುದು.

ಮೊದಲು ಡೆಕ್‌ನಲ್ಲಿ ಡಾಲ್ಬಿ, ಅಂದರೆ ಟೇಪಿನ ಹಿಸ್ ಸದ್ದು ತಗ್ಗಿಸುವ ವ್ಯವಸ್ಥೆ, ಆಫ್ ಮಾಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಡ್ಸ್‌ನಿಂದ ಹೆಡ್ ಒರೆಸಿ. ಈ ಆಲ್ಕೋಹಾಲ್ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುತ್ತದೆ. ಇನ್ನೂ ಮಂಕಾಗಿದ್ದರೆ ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಚಿಕ್ಕ ಸ್ಕ್ರೂ ಹುಡುಕಿ, ಅದು ಈಗ ಇರುವ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. ಇದನ್ನು ಮರೆತು ನಾನು ಒಂದು ಸಂಜೆ ಪೂರ್ತಿ ಒದ್ದಾಡಿದ್ದೇನೆ. ಟೇಪ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿ. ಗಿಟಾರ್ ನಂಬಬೇಡಿ, ಅದರ ಒರಟು ಡಿಸ್ಟಾರ್ಶನ್ ಸದ್ದು ಮೋಸ ಮಾಡುತ್ತದೆ. ಡ್ರಮ್ಸ್‌ನ ಸಿಂಬಲ್ (ಲೋಹದ ತಟ್ಟೆ) ಚುರುಕಾಗಿ ಕೇಳಿಸಿದಲ್ಲಿ ನಿಲ್ಲಿಸಿ.

ಏನೂ ಬದಲಾಗದಿದ್ದರೆ ಕ್ಯಾಸೆಟ್ ಒಳಗೆ ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ಪ್ಯಾಡ್ ಉದುರಿರಬಹುದು, ನೋಡಿ. ಉದುರಿದ್ದರೆ, ಸ್ಕ್ರೂಗಳಿಂದ ಜೋಡಿಸಿದ ಬೇರೆ ಕ್ಯಾಸೆಟ್ ಬಿಚ್ಚಿ ಈ ಟೇಪನ್ನು ಅದಕ್ಕೆ ಹಾಕಿ.

ಸರಿಯಾದ ಕೂಡಲೇ ಕಂಪ್ಯೂಟರ್‌ನ ಲೈನ್-ಇನ್‌ನಿಂದ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಪೀಕ್, ಅಂದರೆ ಅತಿ ಜೋರಾದ ಸದ್ದು, -6 ಡೆಸಿಬೆಲ್ ದಾಟದಿರಲಿ. ಮುಗಿದ ಮೇಲೆ ಸ್ಕ್ರೂ ಗುರುತಿಗೆ ವಾಪಸ್ ತನ್ನಿ, ಇಲ್ಲದಿದ್ದರೆ ಮಿಕ್ಕ ಕ್ಯಾಸೆಟ್‌ಗಳು ಮಂಕಾಗುತ್ತವೆ.