ಎಲ್ಲರೂ ಮಲಗಿದ ಮೇಲೆ ಮೀಟರ್ ನೋಡು

ತಮ್ಮಾ, ಸಿಂಧನೂರಿನವನೆಂದು ಬರೆದಿದ್ದಕ್ಕೇ ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಂಗ್ಲೆಂಡಿಗೆ ಬಂದು ಏಳು ತಿಂಗಳು, ಬಾಡಿಗೆ ಮನೆ, ಗಂಡ ಹೆಂಡತಿ ಮತ್ತು ಒಂದು ಕೂಸು. ಆರು ತಿಂಗಳ ನೀರಿನ ಬಿಲ್ಲಿನಲ್ಲಿ 128 ಯೂನಿಟ್ ಬಂದಿದೆ. "ಅಕ್ಕಾ, ನಾವು ಇಷ್ಟು ಬಳಸೇ ಇಲ್ಲ. ಮೀಟರ್ ಓದೋದು ಹೆಂಗ?" ಎಂದು ಕೇಳಿದ್ದೀ.

ನಾನೀಗ ಇಂಗ್ಲೆಂಡಿನಿಂದ ರಜೆಗೆ ರಾಯಚೂರಿಗೆ ಬಂದಿದ್ದೇನೆ. ತೀನ್ ಕಂದೀಲ್ ಹತ್ತಿರದ ಓಣಿಯಲ್ಲಿ ನಮ್ಮ ತವರುಮನೆ. ಇವತ್ತು ನಳ ಬರುವ ದಿನ, ಅವ್ವ ಬೆಳಗಿನ ಜಾವವೇ ಎದ್ದು ಕೊಡ, ಹಂಡೆ, ಡ್ರಮ್ಮು ಎಲ್ಲ ತಿಕ್ಕಿ ಸಾಲಾಗಿ ಇಟ್ಟಿದ್ದಾಳೆ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ ಇದ್ದರೂ ನೀರನ್ನು ಎಣಿಸಿ ಬಳಸುತ್ತ ಬೆಳೆದವರು ನಾವು. ಇಲ್ಲಿ ಎಣಿಸುವುದು ಕಷ್ಟವಲ್ಲ. ಹಂಡೆ ಅರ್ಧಕ್ಕೆ ಇಳಿದರೆ ಮನೆಮಂದಿಗೆಲ್ಲ ಕಾಣುತ್ತದೆ. ಮೇಲಿನ ಟಾಕಿ ತುಂಬಿ ಸುರಿದರೆ "ಟಾಕಿ ತುಂಬೇತಿ, ಮೋಟರ್ ಬಂದ್ ಮಾಡ್ರೀ" ಎಂದು ಎದುರು ಮನೆಯವರೇ ಕೂಗುತ್ತಾರೆ. ಇಂಗ್ಲೆಂಡಿನಲ್ಲಿ ನೀರು ಗೋಡೆಯೊಳಗೆ ಬಂದು ನೆಲದೊಳಗೆ ಹೋಗಿಬಿಡುತ್ತದೆ. ಸೋರಿದರೂ ಸದ್ದಿಲ್ಲ. ಅದನ್ನು ಬಲ್ಲದ್ದು ಮೀಟರ್ ಒಂದೇ.

ಮೀಟರ್ ಹೆಚ್ಚಾಗಿ ಮನೆ ಮುಂದಿನ ಫುಟ್‌ಪಾತಿನಲ್ಲಿ ಒಂದು ಸಣ್ಣ ಮುಚ್ಚಳದ ಕೆಳಗಿರುತ್ತದೆ. ಕೆಲವು ಮನೆಗಳಲ್ಲಿ ಅಡುಗೆಮನೆಯ ಸಿಂಕಿನ ಕೆಳಗೆ. ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸು. ಚಳಿಗೆ ಹೆಪ್ಪುಗಟ್ಟದಿರಲೆಂದು ಸ್ಪಂಜಿನ ಬಿಲ್ಲೆ ಇಟ್ಟಿದ್ದರೆ ಅದನ್ನು ತೆಗೆ, ಗಾಜು ಒರೆಸು. ಕಪ್ಪು ಅಂಕಿಗಳು ಘನ ಮೀಟರ್, ಅವೇ ನಿನ್ನ ಬಿಲ್ಲಿನ ಯೂನಿಟ್. ಒಂದು ಯೂನಿಟ್ ಅಂದರೆ 1000 ಲೀಟರ್: ನಮ್ಮೂರ ಶುದ್ಧ ನೀರಿನ ಘಟಕದಿಂದ ತರುವ 20 ಲೀಟರಿನ ಕ್ಯಾನು ಐವತ್ತು. ಕೆಂಪು ಅಂಕಿಗಳು ಲೀಟರ್. ಬಿಲ್ಲಿಗೆ ಕಪ್ಪು ಅಂಕಿ ಸಾಕು, ಆದರೆ ಕಳ್ಳನನ್ನು ಹಿಡಿಯಲು ಕೆಂಪು ಬೇಕು.

ನಿನ್ನ 128ಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಒಬ್ಬರು ದಿನಕ್ಕೆ ಸುಮಾರು 140 ಲೀಟರ್ ಬಳಸುತ್ತಾರೆ. ಮೂವರೆಂದು ಹಿಡಿದರೂ ಆರು ತಿಂಗಳಿಗೆ 76 ಯೂನಿಟ್ ಆಸುಪಾಸು. ನಿನ್ನದು ಐವತ್ತು ಹೆಚ್ಚಿದೆ. ಮೊದಲು ಬಿಲ್ಲಿನಲ್ಲಿ ರೀಡಿಂಗ್ ಪಕ್ಕದಲ್ಲಿ ಏನು ಬರೆದಿದೆ ನೋಡು. ಅಂದಾಜು ಎಂದಿದ್ದರೆ ಯಾರೂ ಬಂದು ಓದಿಲ್ಲ, ಲೆಕ್ಕ ಹಾಕಿ ಕಳಿಸಿದ್ದಾರೆ. ಇವತ್ತಿನ ಅಂಕಿಯ ಫೋಟೊ ತೆಗೆದು ಕಂಪನಿಗೆ ಕಳಿಸಿ ಬಿಲ್ ತಿದ್ದಿಸು. ಮನೆಯ ಕೀಲಿ ಕೈಗೆ ಬಂದ ದಿನವೇ ಫೋಟೊ ತೆಗೆದಿದ್ದರೆ ಇನ್ನೂ ಚೆನ್ನಾಗಿತ್ತು, ಮುಂದಿನ ಮನೆಗೆ ಹೋದಾಗ ಮರೆಯಬೇಡ. ತಿಂಗಳು ತಿಂಗಳು ಬ್ಯಾಂಕಿನಿಂದ ಹೋಗುವ ಒಂದೇ ಮೊತ್ತವನ್ನು ನಂಬಿ ಕೂರಬೇಡ. ಅದು ನಿನ್ನ ಬಳಕೆಯಲ್ಲ, ಅವರು ಕಟ್ಟಿದ ಕಂತು.

ಓದಿ ಬರೆದ ಅಂಕಿಯೇ ಆಗಿದ್ದರೆ ನನಗೆ ಅನುಮಾನ ಸಂಡಾಸಿನ ಮೇಲೆ. ಯಾಕೆಂದರೆ ನನಗೂ ಇದೇ ಆಗಿತ್ತು. ಮೊದಲ ಬಿಲ್ ನೋಡಿ ನಾನು ಮಗನಿಗೆ ಟಬ್ಬಿನ ಸ್ನಾನ ಬಿಡಿಸಿದೆ, ಗಂಡನ ಶವರಿಗೆ ಗಡಿಯಾರ ಹಿಡಿದು ನಿಂತೆ, ಮನೆಯಲ್ಲಿ ಜಗಳವೂ ಆಯಿತು. ಮುಂದಿನ ಬಿಲ್ ಅಷ್ಟೇ ಬಂತು. ಆಗ ಒಂದು ರಾತ್ರಿ ಹತ್ತೂವರೆಗೆ ಟಾರ್ಚ್ ಹಿಡಿದು ಹೊರಗೆ ಹೋದೆ. ಕೆಂಪು ಅಂಕಿ 412. ಬೆಳಿಗ್ಗೆ ಆರಕ್ಕೆ, ಯಾರೂ ಏಳುವ ಮೊದಲು, ಮತ್ತೆ ನೋಡಿದರೆ 507. ಮನೆಮಂದಿ ಮಲಗಿದ್ದಾಗ 95 ಲೀಟರ್ ಹೋಗಿತ್ತು. ದಿನಕ್ಕೆ 300, ಆರು ತಿಂಗಳಿಗೆ ಹತ್ತಿರಹತ್ತಿರ 55 ಯೂನಿಟ್.

ಅಲ್ಲಿನ ಫ್ಲಶ್ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ಹೊರಗೆ ಚೆಲ್ಲುವುದಿಲ್ಲ, ಒಳಗೊಳಗೇ ಸಂಡಾಸಿನ ಬೋಗುಣಿಗೆ ಇಳಿಯುತ್ತದೆ. ಎರಡು ಬಟನ್ನಿನ ಫ್ಲಶ್ಶಿನಲ್ಲಿ ಕೆಳಗಿನ ರಬ್ಬರಿಗೆ ಒಂದು ಕಸದ ಚೂರು ಸಿಕ್ಕರೂ ಸಾಕು, ಎಳೆಯಂತೆ ಹರಿಯುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನಾನು ಬೋಗುಣಿಯ ಹಿಂಗೋಡೆಯನ್ನು ಒರೆಸಿ ಒಣಗಿಸಿ ಒಂದು ಟಿಶ್ಯೂ ಹಾಳೆ ಅಂಟಿಸಿದೆ, ರಾತ್ರಿಯಿಡೀ ಯಾರೂ ಫ್ಲಶ್ ಒತ್ತಲಿಲ್ಲ. ಬೆಳಿಗ್ಗೆ ಹಾಳೆಯ ನಡುವೆ ಬೆರಳಗಲ ಕರಗಿ ಹರಿದುಹೋಗಿತ್ತು. ಮನೆ ನೋಡಿಕೊಳ್ಳುವ ಏಜೆಂಟ್ ಮೂರು ವಾರ ತಿರುಗಿ ನೋಡಲಿಲ್ಲ. ಮೀಟರಿನ ಎರಡು ಫೋಟೊ, ಆ ಹಾಳೆಯ ಫೋಟೊ, ತಾರೀಖು, ಎಲ್ಲ ಬರೆದು ಕಳಿಸಿದ ಮೇಲೆ ಪ್ಲಂಬರ್ ಬಂದ. ಅದಕ್ಕೇ ಹೇಳುತ್ತೇನೆ, ಬಾಯಿಮಾತಿನಲ್ಲಿ ದೂರು ಕೊಡಬೇಡ.

ಸಂಡಾಸು ಸರಿಯಿದ್ದೂ ಅಂಕಿ ಓಡುತ್ತಿದ್ದರೆ ಸಿಂಕಿನ ಕೆಳಗಿನ ಸ್ಟಾಪ್ ಟ್ಯಾಪ್, ಅಂದರೆ ಇಡೀ ಮನೆಯ ನೀರು ನಿಲ್ಲಿಸುವ ನಳ, ಬಂದ್ ಮಾಡು. ಮೀಟರ್ ನಿಂತರೆ ಸೋರಿಕೆ ಮನೆಯೊಳಗೆ. ಆಗಲೂ ಓಡಿದರೆ ಮೀಟರಿನಿಂದ ಮನೆಗೆ ಬರುವ ನೆಲದ ಪೈಪಿನಲ್ಲಿ. ಅದು ಮಾಲೀಕನ ಜವಾಬ್ದಾರಿ, ಹಲವು ಕಂಪನಿಗಳು ಅಂಥ ಸೋರಿಕೆಗೆ ಬಿಲ್ಲಿನಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ಮೀಟರಿನ ಮೇಲಿನ ನಂಬರು ಬಿಲ್ಲಿನ ನಂಬರಿಗೆ ಹೊಂದುತ್ತದೆಯೇ ಎಂದೂ ನೋಡು. ಪಕ್ಕದ ಮನೆಯ ಮೀಟರಿಗೆ ದುಡ್ಡು ಕಟ್ಟುತ್ತಿದ್ದವರು ಇದ್ದಾರೆ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಬಿಲ್ಲಿನಲ್ಲಿ ಬರುವ ನೀರಿಗೊಂದು ದರ, ಹೋಗುವ ಕೊಳಚೆ ನೀರಿಗೊಂದು ದರ. ಕೊಳಚೆಗೆ ಬೇರೆ ಮೀಟರಿಲ್ಲ, ಒಳಬಂದದ್ದರಲ್ಲಿ ನೂರಕ್ಕೆ ತೊಂಬತ್ತು ಅಥವಾ ಅದಕ್ಕೂ ಹೆಚ್ಚು ಹೊರಗೆ ಹೋಯಿತೆಂದೇ ಲೆಕ್ಕ. ಹೀಗಾಗಿ ಸೋರಿದ ಒಂದೊಂದು ಲೀಟರಿಗೂ ಎರಡು ಸಲ ಕಟ್ಟುತ್ತೀ. ಕರೆಂಟಿನ ಹಾಗೆ ಕಂಪನಿ ಬದಲಿಸುವ ಹಾಗೂ ಇಲ್ಲ. 1989ರಲ್ಲಿ ಖಾಸಗಿ ಮಾಡಿದಾಗಿನಿಂದ ಯಾವ ಪ್ರದೇಶಕ್ಕೆ ಯಾವ ಕಂಪನಿಯೋ ಅದೇ.

ಬಳಕೆಯ ವಿಚಾರದಲ್ಲಿ ನಿನಗೆ ನಾನು ಹೇಳಿಕೊಡುವುದು ಕಡಿಮೆ. ಬಚ್ಚಲಲ್ಲಿ ಬಕೆಟ್ಟು, ಚರಿಗೆ ಇಟ್ಟುಕೊಳ್ಳಲು ನಾಚಬೇಡ. ಸಾಧಾರಣ ಶವರ್ ನಿಮಿಷಕ್ಕೆ 8-10 ಲೀಟರ್ ಸುರಿಯುತ್ತದೆ, ಹತ್ತು ನಿಮಿಷ ನಿಂತರೆ ಐದು ಬಕೆಟ್. ಬಿಸಿನೀರು ಬರುವವರೆಗೆ ಬಿಡುವ ತಣ್ಣೀರನ್ನು ಬಕೆಟ್ಟಿಗೆ ಹಿಡಿ, ನೆಲ ಒರೆಸಲು ಆಗುತ್ತದೆ. ಬಿಸಿನೀರು ಉಳಿಸಿದರೆ ಗ್ಯಾಸಿನ ಬಿಲ್ಲೂ ಇಳಿಯುತ್ತದೆ. ಬೇಸಿಗೆಯಲ್ಲಿ ಹಿತ್ತಲಿಗೆ ಪೈಪ್ ಹಚ್ಚಿ ಬಿಟ್ಟರೆ ಗಂಟೆಗೆ 500 ಲೀಟರಿಗೂ ಮೇಲೆ ಹೋಗುತ್ತದೆ, ಮಳೆನೀರು ಹಿಡಿಯುವ ಪೀಪಾಯಿ ಇಡು. ಆದರೆ ಕೂಸಿನ ಬಟ್ಟೆ, ಕೂಸಿನ ಸ್ನಾನಕ್ಕೆ ಮಾತ್ರ ಕೈ ಬಿಗಿಹಿಡಿಯಬೇಡ. ನಾನು ಮಾಡಿದ ತಪ್ಪು ಅದು, ಸೋರಿದ್ದು ಎಲ್ಲೋ, ಶಿಕ್ಷೆ ಯಾರಿಗೋ.

ಕಟ್ಟಲಾಗದಿದ್ದರೆ ನೀರು ನಿಲ್ಲಿಸಿಬಿಡುತ್ತಾರೇನೋ ಎಂದು ನಿನ್ನ ಹೆಂಡತಿ ಹೆದರಿದ್ದಾಳೆಂದು ಬರೆದಿದ್ದೀ. ಇಲ್ಲ. 1999ರ ಕಾನೂನಿನ ಪ್ರಕಾರ ಬಾಕಿ ಇದೆಯೆಂದು ವಾಸದ ಮನೆಯ ನೀರು ಕತ್ತರಿಸುವಂತಿಲ್ಲ. ಬಾಕಿ ಬಾಕಿಯಾಗಿಯೇ ಉಳಿಯುತ್ತದೆ, ಕಂತು ಕೇಳಿದರೆ ಕೊಡುತ್ತಾರೆ. ಇದನ್ನು ಇವತ್ತೇ ಅವಳಿಗೆ ಹೇಳು.

ರಾತ್ರಿ ಮಲಗುವಾಗ ಒಂದು ಫೋಟೊ, ಬೆಳಿಗ್ಗೆ ನಳ ಮುಟ್ಟುವ ಮೊದಲು ಇನ್ನೊಂದು. ಕೆಂಪು ಅಂಕಿ ಸ್ಪಷ್ಟ ಕಾಣಬೇಕು. ಎರಡನ್ನೂ ನನಗೆ ಕಳಿಸು, ಏಜೆಂಟಿಗೆ ಬರೆಯುವುದನ್ನು ಕೂತು ಬರೆಯೋಣ.