ಮಡಚುವ ಜರ್ಮನ್ ಕ್ಯಾಮೆರಾ: ಹೆಸರಿಗಿಂತ ಮೊದಲು ತಿದಿ ನೋಡಿ

ಹಳೆಯ ಮಡಚುವ ಕ್ಯಾಮೆರಾಗಳಲ್ಲಿ ಕೊಡಕ್ ರೆಟಿನಾ ತಗೊಳ್ಳಲೋ, ಅಗ್ಫಾ ಇಸೊಲೆಟ್ ತಗೊಳ್ಳಲೋ, ಏನೇನು ನೋಡಿ ಕೊಳ್ಳಬೇಕು ಅಂತ ಕೇಳಿದ್ದೀರಿ. ಎರಡೂ ನನ್ನ ಬಳಿ ಇವೆ, ಎರಡಕ್ಕೂ ಈಗಲೂ ರೀಲು ಹಾಕುತ್ತೇನೆ. ಮೊದಲ ಸಲ ಕೊಳ್ಳುವವರಿಗೆ ರೆಟಿನಾ ಎನ್ನುತ್ತೇನೆ.

ಕೊಡಕ್ ಅಮೆರಿಕದ್ದಾದರೂ ರೆಟಿನಾ ತಯಾರಾಗುತ್ತಿದ್ದದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಆಗಸ್ಟ್ ನಾಗೆಲ್ ಕಟ್ಟಿದ ಕಾರ್ಖಾನೆಯಲ್ಲಿ. 1934ರಲ್ಲಿ ಮೊದಲ ರೆಟಿನಾ ಬಂದಾಗ ಅದರ ಜೊತೆಗೇ ಬೆಳಕಿನಲ್ಲೇ ತುಂಬಬಹುದಾದ 35 ಎಂಎಂ ಫಿಲ್ಮ್ ಡಬ್ಬಿಯೂ ಬಂತು. ಇವತ್ತು ನಾವು ಕೊಳ್ಳುವ ರೀಲಿನದೂ ಅದೇ ಡಬ್ಬಿ. ಹಾಗಾಗಿ ಅಷ್ಟು ಹಳೆಯ ಕ್ಯಾಮೆರಾಕ್ಕೂ ಇವತ್ತಿನ ರೀಲು ಸಲೀಸಾಗಿ ಕೂರುತ್ತದೆ. ಮುಚ್ಚಿದರೆ ಅಂಗೈಯಗಲ, ಕೋಟಿನ ಜೇಬಿಗೆ ಹೋಗುತ್ತದೆ. ಮ್ಯೂನಿಕ್‌ನ ಇಸೊಲೆಟ್‌ಗೆ 120 ಎಂಬ ಅಗಲ ರೀಲು ಬೇಕು, ಒಂದು ರೀಲಿಗೆ 6x6 ಸೆಂ.ಮೀ.ನ 12 ಚಿತ್ರ. ಆ ದೊಡ್ಡ ನೆಗೆಟಿವ್ ನೋಡಿದ ಮೇಲೆ ಅದನ್ನು ಬಿಟ್ಟುಕೊಡಲು ನನಗೆ ಮನಸ್ಸೇ ಬರುವುದಿಲ್ಲ.

ಆದರೆ ಇಸೊಲೆಟ್ ಕೊಳ್ಳುವಾಗ ತಿದಿ ನೋಡದೆ ದುಡ್ಡು ಕೊಡಬೇಡಿ. ಲೆನ್ಸಿಗೂ ಫಿಲ್ಮಿಗೂ ನಡುವೆ ಇರುವ ಆ ಮಡಿಕೆ ಮಡಿಕೆಯ ಕಪ್ಪು ಚೀಲವೇ ತಿದಿ, ಬೆಲ್ಲೋಸ್ ಅಂತಾರಲ್ಲ, ಅದು. ನಾನು ಕೊಂಡಾಗ ಮಾರಿದವರು ‘ಸರಿ ಇದೆ’ ಅಂದಿದ್ದರು. ಮೊದಲ ರೀಲು ತೊಳೆಸಿದರೆ ಹನ್ನೆರಡರಲ್ಲಿ ಒಂಬತ್ತರ ಮೇಲೆ ಬಿಳಿ ಮಂಜು. ಆ ರಾತ್ರಿ ದೀಪ ಆರಿಸಿ, ಹಿಂಬಾಗಿಲು ತೆಗೆದು, ತಿದಿಯ ಒಳಗೆ ಸಣ್ಣ ಟಾರ್ಚ್ ಇಟ್ಟು ನೋಡಿದೆ. ಮಡಿಕೆಯ ಮೂಲೆಗಳಲ್ಲಿ ಏಳು ಕಡೆ ಸೂಜಿಮೊನೆಯಷ್ಟು ಬೆಳಕು ಇಣುಕುತ್ತಿತ್ತು. ಕಪ್ಪು ಬಣ್ಣ ಬಳಿದೆ. ನಾಲ್ಕು ಸಲ ಮಡಚಿದ್ದೇ ತಡ, ಮತ್ತೆ ಬಿರಿಯಿತು. ಕೊನೆಗೆ ತಿದಿಯನ್ನೇ ಬದಲಾಯಿಸಬೇಕಾಯಿತು. ಅಗ್ಫಾದಲ್ಲಿ ಇದು ಸಾಮಾನ್ಯ ದೋಷ. ಅದೇ ಕಾಲದ, ಜೈಸ್ ಇಕಾನ್ ಎಂಬ ಇನ್ನೊಂದು ಜರ್ಮನ್ ಕಂಪನಿಯ ನೆಟ್ಟರ್, ಇಕೊಂಟಾ ಕ್ಯಾಮೆರಾಗಳ ತಿದಿ ಹೆಚ್ಚು ಬಾಳುತ್ತದೆ.

ಇಸೊಲೆಟ್‌ನ ಇನ್ನೊಂದು ಕಾಟ ಗ್ರೀಸಿನದು. ಫೋಕಸ್ ಉಂಗುರದ ತಿರುಪಿನ ಎಳೆಗಳಿಗೆ ಹಾಕಿದ್ದ ಹಸಿರು ಗ್ರೀಸು ಕಾಲ ಕಳೆದಂತೆ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಬಲವಂತವಾಗಿ ತಿರುಗಿಸಿದರೆ ಮುಂದಿನ ಗಾಜಿನ ಜೊತೆ ನಡುವಿನ ಗಾಜೂ ತಿರುಗಿ, ಉಂಗುರದ ಮೇಲಿನ ಅಂಕಿಗೂ ನಿಜವಾದ ಫೋಕಸ್ಸಿಗೂ ಸಂಬಂಧವೇ ಇರುವುದಿಲ್ಲ. ಉಂಗುರ ಬಿಗಿಯಾಗಿದ್ದರೆ ಮುಟ್ಟದೆ, ಬಲ್ಲವರ ಕೈಗೆ ಕೊಡಿ.

ರೆಟಿನಾದಲ್ಲಿ ನೋಡಬೇಕಾದದ್ದು ಬೇರೆ. 1951ರ 1ಎ ಮತ್ತು 2ಎ ಮಾದರಿಗಳಲ್ಲಿ ಫಿಲ್ಮ್ ಸರಿಸುವ ಸನ್ನೆಯೇ (ಲಿವರ್) ಶಟರನ್ನೂ ಸಜ್ಜು ಮಾಡುತ್ತದೆ. ಒಳಗಿನ ಹಲ್ಲುಪಟ್ಟಿ ಸವೆದಿದ್ದರೆ ಸನ್ನೆ ಸಿಕ್ಕಿಹಾಕಿಕೊಳ್ಳುತ್ತದೆ. ಎಷ್ಟು ಚಿತ್ರ ಉಳಿದಿವೆ ಅಂತ ತೋರಿಸುವ ಎಣಿಕೆ ಮುಗಿದಾಗಲೂ ಸನ್ನೆ ನಿಲ್ಲುತ್ತದೆ, ಕ್ಯಾಮೆರಾ ಕೆಟ್ಟಿತು ಅಂದುಕೊಳ್ಳಬೇಡಿ. ಮುಚ್ಚುವ ಮುನ್ನ ಫೋಕಸ್ಸನ್ನು ಅನಂತಕ್ಕೆ ತಂದು, ಲೆನ್ಸಿನ ಮೇಲೂ ಕೆಳಗೂ ಇರುವ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ. ಎಲ್ಲೇ ತಡೆದರೂ ಜೋರು ಮಾಡಬೇಡಿ. 1ಎದಲ್ಲಿ ದೂರ ಅಳೆದು ತೋರಿಸುವ ರೇಂಜ್‌ಫೈಂಡರ್ ಇಲ್ಲ, ದೂರವನ್ನು ಕಣ್ಣಂದಾಜಿನಲ್ಲೇ ಹಿಡಿಯಬೇಕು. ನಾನು ಬಿಸಿಲಿನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿ, ಫೋಕಸ್ಸನ್ನು 5 ಮೀಟರಿಗೆ ಹಾಕಿಬಿಡುತ್ತೇನೆ. ಸುಮಾರು 3ರಿಂದ 14 ಮೀಟರ್‌ವರೆಗೆ ಚೊಕ್ಕವಾಗಿ ಬರುತ್ತದೆ.

ಯಾವ ಕ್ಯಾಮೆರಾ ಆದರೂ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ, ಕಿವಿಗೊಡಿ. ಒಂದೇ ಸಮ ಗುಂಯ್‌ಗುಟ್ಟಿ ಮುಚ್ಚಿಕೊಂಡರೆ ಒಳ್ಳೆಯದು. ತೊದಲಿದರೆ ಶುಚಿ ಮಾಡಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ. ಲೆನ್ಸಿನಲ್ಲಿ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ನಮ್ಮ ಮಳೆಗಾಲದಲ್ಲಿ ಇನ್ನೂ ಹಬ್ಬುತ್ತದೆ. ಕೊಂಡ ಮೇಲೆ ಚರ್ಮದ ಚೀಲದಲ್ಲಿ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಇನ್ನೊಂದು, ಇಸೊಲೆಟ್‌ಗೇ ಹೆಚ್ಚು ಬೇಕಾದ ಮಾತು: ಮುಚ್ಚಳವನ್ನು ನಿಧಾನ ತೆರೆಯಿರಿ, ತೆರೆದ ಮೇಲೆಯೇ ಫಿಲ್ಮ್ ಸರಿಸಿ. ಫಟ್ಟನೆ ತೆರೆದರೆ ತಿದಿ ಗಾಳಿ ಎಳೆದುಕೊಂಡು ಫಿಲ್ಮನ್ನೂ ಮುಂದಕ್ಕೆ ಉಬ್ಬಿಸುತ್ತದೆ, ಚಿತ್ರದ ನಡುಭಾಗವೇ ಮಸುಕಾಗುತ್ತದೆ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ, ಕತ್ತಲೆಯಲ್ಲಿ ತಿದಿಯೊಳಗೆ ಟಾರ್ಚ್ ಇಟ್ಟು ತೆಗೆದ ಫೋಟೊ ಕಳಿಸಿ ಅಂತ ಮಾರುವವರನ್ನು ಕೇಳಿ. ಕಳಿಸದಿದ್ದರೆ ಆ ಕ್ಯಾಮೆರಾ ಬಿಡಿ.